ಹರಳಿನ ಆಕಾರವನ್ನು ಓದಿದವರು: ಬಲ್ಗೇರಿಯಾದ ಇವಾನ್ ಕೋಸ್ತೊವ್

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಇವಾನ್ ಕೋಸ್ತೊವ್ ಅವರನ್ನು ಕುರಿತದ್ದು. ಅಂತರ್ಜಾಲದಲ್ಲಿ ಈ ಹೆಸರನ್ನು ಹುಡುಕಿದರೆ ಸಾಮಾನ್ಯವಾಗಿ ಮೊದಲು ಎದುರಾಗುವವರು 1997ರಿಂದ 2001ರವರೆಗೆ ಬಲ್ಗೇರಿಯಾದ ಪ್ರಧಾನಿಯಾಗಿದ್ದ ಇವಾನ್ ಕೋಸ್ತೊವ್. ಅವರನ್ನು ಪಕ್ಕಕ್ಕಿಡೋಣ. ನಾನು ಹೇಳಹೊರಟಿರುವುದು 1913ರಲ್ಲಿ ಪ್ಲೊವ್‌ಡಿವ್ ಊರಿನಲ್ಲಿ ಹುಟ್ಟಿ, 2004ರಲ್ಲಿ ತೀರಿಕೊಂಡ ಖನಿಜವಿಜ್ಞಾನಿಯ ವಿಷಯ. ಅರಸೊತ್ತಿಗೆಯ ಕಾಲದಲ್ಲಿ ಓದಿ, ಕಮ್ಯುನಿಸ್ಟ್ ಆಡಳಿತದಲ್ಲಿ ಪ್ರಾಧ್ಯಾಪಕರಾಗಿ, ಆ ಆಡಳಿತವೂ ಬಿದ್ದುಹೋದ ಮೇಲೆ ಹದಿನೈದು ವರ್ಷ ಬದುಕಿದವರು. ದೇಶದ ಲಾಂಛನ ಬದಲಾಯಿತು, ಬೀದಿಗಳ ಹೆಸರು ಬದಲಾಯಿತು. ಈ ಮನುಷ್ಯನ ಪ್ರಶ್ನೆ ಮಾತ್ರ ಒಂದೇ ಆಗಿ ಉಳಿಯಿತು: ಒಂದು ಹರಳು ತನಗೆ ಇರುವ ಆಕಾರವನ್ನೇ ಏಕೆ ತಳೆಯಿತು?

ಬಲ್ಗೇರಿಯಾ ಅಟೊಮನ್ ಆಳ್ವಿಕೆಯಿಂದ ಹೊರಬಂದದ್ದು 1878ರಲ್ಲಿ. ಸೋಫಿಯಾ ವಿಶ್ವವಿದ್ಯಾಲಯ ಶುರುವಾದದ್ದು 1888ರಲ್ಲಿ. ಅಲ್ಲಿ ಕಲ್ಲು ಮತ್ತು ಖನಿಜಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಗಿಯೋರ್ಗಿ ಬೋಂಚೆವ್. ಅಂದರೆ ಕೋಸ್ತೊವ್ ವಿದ್ಯಾರ್ಥಿಯಾಗಿ ಬರುವ ಹೊತ್ತಿಗೆ ಆ ಶಾಸ್ತ್ರಕ್ಕೆ ಆ ದೇಶದಲ್ಲಿ ಅರ್ಧ ಶತಮಾನದ ವಯಸ್ಸೂ ಆಗಿರಲಿಲ್ಲ. ಅವರು ಸೋಫಿಯಾದಲ್ಲಿ ಪದವಿ ಪಡೆದು, ಲಂಡನ್ನಿನಲ್ಲಿ ಹೆಚ್ಚಿನ ಅಭ್ಯಾಸ ಮಾಡಿ, ತಾಯ್ನಾಡಿಗೆ ಮರಳಿ ಅದೇ ವಿಶ್ವವಿದ್ಯಾಲಯದಲ್ಲಿ ಖನಿಜವಿಜ್ಞಾನ ಮತ್ತು ಸ್ಫಟಿಕವಿಜ್ಞಾನವನ್ನು ಕಲಿಸಿದರು. ಮುಂದೆ ಬಲ್ಗೇರಿಯಾದ ವಿಜ್ಞಾನ ಅಕಾಡೆಮಿಯ ಸದಸ್ಯರಾದರು, ಸೋಫಿಯಾದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯವನ್ನು ಮುನ್ನಡೆಸಿದರು. ಪದವಿ, ಹುದ್ದೆಗಳ ಪಟ್ಟಿಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಅಂಥ ಪಟ್ಟಿ ಯಾವ ಪ್ರಾಧ್ಯಾಪಕರಿಗಾದರೂ ಇರುತ್ತದೆ.

ಅವರ ಕೆಲಸ ಅರ್ಥವಾಗಬೇಕಾದರೆ ದೇಶದ ದಕ್ಷಿಣದಲ್ಲಿರುವ ರೊಡೋಪಿ ಬೆಟ್ಟಗಳಿಗೆ, ಅಲ್ಲಿನ ಮದಾನ್ ಎಂಬ ಗಣಿಯೂರಿಗೆ ಹೋಗಬೇಕು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಸೀಸ ಮತ್ತು ಸತುವಿನ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸರ್ಕಾರಕ್ಕೆ ಬೇಕಾಗಿದ್ದುದು ಲೋಹ. ಆದರೆ ಸುರಂಗ ಅಗೆಯುವಾಗ ಬಂಡೆಯೊಳಗಿನ ಪೊಳ್ಳುಗಳು ತೆರೆದುಕೊಳ್ಳುತ್ತಿದ್ದವು. ಅವುಗಳ ಗೋಡೆಯ ತುಂಬ ಕನ್ನಡಿಯಂತೆ ಹೊಳೆಯುವ ಗೆಲೀನಾ, ಸತುವಿನ ಅದಿರಾದ ಕಪ್ಪು ಸ್ಫಾಲರೈಟ್, ಸುಣ್ಣಕಲ್ಲಿನ ಖನಿಜವಾದ ಬಿಳಿ ಕ್ಯಾಲ್ಸೈಟ್, ಬೆಣಚುಕಲ್ಲಿನ ಹರಳು. ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಇಂದಿಗೂ ಮದಾನಿನ ಹರಳುಗಳಿವೆ.

ಪರದೆಯ ಮೇಲಿನ ಚಿತ್ರ ನೋಡಿ. ಇದು ಗೆಲೀನಾ, ಅಂದರೆ ಸೀಸದ ಸಲ್ಫೈಡ್. ಸೀಸದ ಮತ್ತು ಗಂಧಕದ ಪರಮಾಣುಗಳು ಮೂರೂ ದಿಕ್ಕಿನಲ್ಲಿ ಒಂದೇ ಅಳತೆಯಲ್ಲಿ ಕೂತಿರುವುದರಿಂದ ಇದು ಘನಾಕೃತಿಯಲ್ಲೋ ಅಷ್ಟಮುಖಿಯಾಗಿಯೋ ಬೆಳೆಯಬೇಕು. ಸಾಮಾನ್ಯವಾಗಿ ಹಾಗೆಯೇ ಬೆಳೆಯುತ್ತದೆ. ಮದಾನಿನ ಕೆಲವು ಹರಳುಗಳು ಮಾತ್ರ ಚಪ್ಪಟೆ, ಬಿಲ್ಲೆಯ ಹಾಗೆ. ಪ್ರಯೋಗಾಲಯಕ್ಕೆ ಕಳಿಸಿದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ: ಸೀಸ, ಗಂಧಕ. ಹಾಗಾದರೆ ಈ ಚಪ್ಪಟೆತನ ಎಲ್ಲಿಂದ ಬಂತು? ಎರಡು ಹರಳುಗಳು ಒಂದು ಸಮತಲದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಅವಳಿಯಾಗಿ ಹುಟ್ಟಿವೆ. ಅವು ಕೂಡುವ ಅಂಚಿನಲ್ಲಿ ಒಳಸರಿದ ಮೂಲೆಯೊಂದು ಉಳಿಯುತ್ತದೆ. ಹೊಸದಾಗಿ ಬರುವ ಪರಮಾಣುಗಳಿಗೆ ಆ ಮೂಲೆಯಲ್ಲಿ ನೆಲೆ ನಿಲ್ಲುವುದು ಸುಲಭ. ಹೀಗಾಗಿ ಹರಳು ಅಂಚಿನ ಉದ್ದಕ್ಕೂ ಬೇಗ ಹರಡುತ್ತದೆ, ದಪ್ಪ ನಿಧಾನವಾಗಿ ಏರುತ್ತದೆ. ರಾಸಾಯನಿಕ ಸೂತ್ರದಲ್ಲಿ ಇದರ ಸುಳಿವೇ ಇರುವುದಿಲ್ಲ.

ಕೋಸ್ತೊವ್ ಹಿಡಿದದ್ದು ಈ ಎಳೆಯನ್ನು. ಹರಳಿನ ಹೊರರೂಪವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ಒಳಗಿನ ಪರಮಾಣುಗಳ ಜೋಡಣೆ, ಅದು ಹುಟ್ಟುಗುಣ. ಎರಡನೆಯದು ಬೆಳೆದ ಪರಿಸರ: ದ್ರಾವಣ ಎಷ್ಟು ಬಿಸಿಯಿತ್ತು, ಅದರಲ್ಲಿ ಖನಿಜಾಂಶ ಎಷ್ಟು ದಟ್ಟವಾಗಿತ್ತು, ಬೇರೆ ಯಾವ ಧಾತುಗಳು ಬೆರೆತಿದ್ದವು. ಸಕ್ಕರೆ ಪಾಕ ಥಟ್ಟನೆ ತಣಿದರೆ ಪುಡಿಯಾಗುತ್ತದೆ, ದಾರ ಇಳಿಬಿಟ್ಟು ನಿಧಾನಕ್ಕೆ ಆರಲು ಬಿಟ್ಟರೆ ಕಲ್ಲುಸಕ್ಕರೆಯಾಗುತ್ತದೆ. ಭೂಮಿಯೊಳಗೂ ಇದೇ ಲೆಕ್ಕ, ಆದರೆ ಅಲ್ಲಿ ಬದಲಾಗುವುದು ಗಾತ್ರ ಮಾತ್ರವಲ್ಲ, ಆಕಾರ ಕೂಡ. ಕ್ಯಾಲ್ಸೈಟನ್ನೇ ತೆಗೆದುಕೊಳ್ಳಿ. ಹೆಚ್ಚು ಬಿಸಿಯಾದ ದ್ರಾವಣದಲ್ಲಿ ಅದು ತೆಳು ಹಲಗೆಗಳಾಗಿ ಕೂರುವುದುಂಟು. ಬಿಸಿ ಇಳಿದಂತೆ ಮೊನಚಾದ, ಉದ್ದನೆಯ ರೂಪಗಳು ಬರುವುದುಂಟು. ಎಲ್ಲ ಗಣಿಗಳಲ್ಲೂ ಇದು ಚಾಚೂ ತಪ್ಪದೆ ನಡೆಯುವ ನಿಯಮವಲ್ಲ, ಒಲವು ಅಷ್ಟೆ. ಆದರೂ ಒಂದೇ ಬಂಡೆಯ ಬಿರುಕಿನಲ್ಲಿ ಒಂದರ ಮೇಲೊಂದು ಬೆಳೆದ ಮೂರು ಬಗೆಯ ಕ್ಯಾಲ್ಸೈಟ್ ಕಂಡರೆ, ಆ ಬಿರುಕಿನ ಚರಿತ್ರೆಯನ್ನು ಓದಲು ಅದೊಂದು ದಾರಿ. ಇದೇ ವಿಷಯದ ಮೇಲೆ ಅವರು ಮಗ ರುಸ್ಲಾನ್ ಕೋಸ್ತೊವ್ ಜೊತೆ ಬರೆದ ಗ್ರಂಥ 1999ರಲ್ಲಿ ಹೊರಬಂತು. ಆಗ ತಂದೆಗೆ ಎಂಬತ್ತೈದು ದಾಟಿತ್ತು.

ಇದೇ ದೃಷ್ಟಿಯಿಂದ ಖನಿಜಗಳ ವರ್ಗೀಕರಣವನ್ನೂ ಅವರು ಹೊಸದಾಗಿ ಕಟ್ಟಿದರು. ರಾಸಾಯನಿಕ ಸಂಯೋಜನೆಗೆ ಮೊದಲ ಸ್ಥಾನ ಕೊಡುವ ಡೇನಾ, ಸ್ಟ್ರುಂಟ್ಸ್ ಎಂಬ ವರ್ಗೀಕರಣ ಪದ್ಧತಿಗಳನ್ನು ಭೂವಿಜ್ಞಾನ ಓದಿದವರು ಬಲ್ಲಿರಿ. ಸಲ್ಫೈಡ್‌ಗಳು, ಆಕ್ಸೈಡ್‌ಗಳು, ಕಾರ್ಬೊನೇಟ್‌ಗಳು ಎಂದು ಅಲ್ಲಿ ಸಾಲು ಸಾಗುತ್ತದೆ. ಕೋಸ್ತೊವ್ ಈ ದೊಡ್ಡ ವರ್ಗಗಳನ್ನು ಉಳಿಸಿಕೊಂಡು, ಪ್ರತಿ ವರ್ಗದೊಳಗೆ ನಿಸರ್ಗದಲ್ಲಿ ಜೊತೆಯಾಗಿ ಓಡಾಡುವ ಲೋಹಗಳನ್ನು ಒಟ್ಟಿಗೆ ಕೂರಿಸಿದರು. ಅದರೊಳಗೆ ಮತ್ತೆ ಆಕಾರದ ಪ್ರಕಾರ ಬಿಡಿಸಿದರು: ಒಂದು ಅಕ್ಷದ ಗುಂಟ ನೀಳವಾಗಿ ಬೆಳೆಯುವವು, ಹಾಳೆಯಂತೆ ಹರಡುವವು, ಎಲ್ಲ ಕಡೆಗೂ ಸಮನಾಗಿ ಬೆಳೆಯುವವು. ಆಂಟಿಮನಿಯ ಅದಿರಾದ ಸ್ಟಿಬ್ನೈಟ್ ಸೂಜಿಯಂತೆ ನೀಳ. ಮಾಲಿಬ್ಡಿನೈಟ್ ಅಭ್ರಕದ ಹಾಗೆ ಪದರ ಪದರ. ಗೆಲೀನಾ, ಪೈರೈಟ್ ಸಮಾಂಗಿಗಳು. ನಾಲ್ಕೂ ಸಲ್ಫೈಡ್‌ಗಳೇ. ಕೈಯಲ್ಲಿ ಹಿಡಿದವನಿಗೆ ಮೊದಲು ಕಾಣುವ ವ್ಯತ್ಯಾಸ ಮತ್ತು ಒಳಗಿನ ರಚನೆಯ ವ್ಯತ್ಯಾಸ ಇಲ್ಲಿ ಒಂದೇ ಕೋಷ್ಟಕದಲ್ಲಿ ಕೂಡುತ್ತವೆ.

ಈ ಪದ್ಧತಿ ಗೆಲ್ಲಲಿಲ್ಲ. ಇವತ್ತು ಯಾವ ಖನಿಜ ಪಟ್ಟಿ ತೆರೆದರೂ ಕಾಣುವುದು ಸ್ಟ್ರುಂಟ್ಸ್ ಅಥವಾ ಡೇನಾ ಸಂಖ್ಯೆ. ಅದಕ್ಕೆ ಕಾರಣವನ್ನು ಶೀತಲ ಸಮರದ ಮೇಲೆ ಹೊರಿಸುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅವರ ಖನಿಜವಿಜ್ಞಾನದ ಪಠ್ಯ 1968ರಲ್ಲೇ ಬ್ರಿಟನ್ನಿನ ಆಲಿವರ್ ಅಂಡ್ ಬಾಯ್ಡ್ ಪ್ರಕಾಶನದಿಂದ ಇಂಗ್ಲಿಷಿನಲ್ಲಿ ಬಂದಿತ್ತು, 1971ರಲ್ಲಿ ಮಾಸ್ಕೋದಿಂದ ರಷ್ಯನ್ನಿನಲ್ಲಿ ಬಂದಿತ್ತು. ಎರಡೂ ಬಣದವರು ಓದಬಹುದಿತ್ತು. ತೊಡಕು ಪದ್ಧತಿಯಲ್ಲೇ ಇದೆ ಎಂದು ನನ್ನ ಅನಿಸಿಕೆ. ನೀಳವೋ ಸಮಾಂಗಿಯೋ ಎಂದು ಖಚಿತವಾಗಿ ಹೇಳಲಾಗದ ಖನಿಜಗಳು ಬಹಳ, ಮತ್ತು ಗಡಿ ಎಲ್ಲಿ ಎಳೆಯಬೇಕೆಂಬುದು ಎಳೆಯುವವನ ಇಷ್ಟಕ್ಕೆ ಬಿಟ್ಟದ್ದು. ಪಟ್ಟಿ ಮಾಡುವವರಿಗೆ ವಾದವಿಲ್ಲದ ಖಾನೆಗಳು ಬೇಕು. ಆದರೆ ಅದಿರು ಹುಡುಕುವವನಿಗೆ ಯಾವ ಖನಿಜದ ಪಕ್ಕ ಯಾವುದು ಸಿಗುತ್ತದೆ ಎಂಬುದು ಬೇಕು. ಆ ದೃಷ್ಟಿಯಿಂದ, ಯೊರ್ದಾಂಕಾ ಮಿಂಚೇವಾ-ಸ್ತೆಫಾನೋವಾ ಜೊತೆ ಅವರು ಸಲ್ಫೈಡ್ ಖನಿಜಗಳ ಬಗ್ಗೆ ಬರೆದ ಪುಸ್ತಕ ಈಗಲೂ ತೆರೆದು ನೋಡಬೇಕಾದದ್ದು.

ಇನ್ನು ಹೆಸರುಗಳ ಕಥೆಗೆ ಬರುತ್ತೇನೆ. 1958ರಲ್ಲಿ ಕೋಸ್ತೊವ್ ರೊಡೋಪಿಯಲ್ಲಿ ಸಿಕ್ಕ ಸೀಸ ಮತ್ತು ಬಿಸ್ಮತ್‌ನ ಸಲ್ಫೈಡ್ ಒಂದನ್ನು ಹೊಸ ಖನಿಜವೆಂದು ವರ್ಣಿಸಿ, ಹಿರಿಯರಾದ ಬೋಂಚೆವ್ ಅವರ ನೆನಪಿಗೆ ಬೋಂಚೆವೈಟ್ ಎಂದು ಕರೆದರು. ಅದು ನಿಲ್ಲಲಿಲ್ಲ. ಒಂದೇ ಖನಿಜವೆಂದು ಕಂಡದ್ದು ಬೇರೆ ಬೇರೆ ಸೀಸ-ಬಿಸ್ಮತ್ ಖನಿಜಗಳು ಸೂಕ್ಷ್ಮವಾಗಿ ಹೆಣೆದುಕೊಂಡ ಮಿಶ್ರಣವೆಂದು ಮುಂದಿನ ಪರೀಕ್ಷೆಗಳು ತೋರಿಸಿದವು. ಈ ಕುಟುಂಬದ ಖನಿಜಗಳು ಎಂಥವರನ್ನೂ ಏಮಾರಿಸುತ್ತವೆ. ಚೂರನ್ನು ಅರೆದು ಕರಗಿಸಿ ವಿಶ್ಲೇಷಿಸಿದರೆ ಸಿಗುವುದು ಸರಾಸರಿ, ಆ ಸರಾಸರಿ ಚಂದದ ಸೂತ್ರದಂತೆಯೇ ಕಾಣುತ್ತದೆ. ಎಲೆಕ್ಟ್ರಾನ್ ಕಿರಣವನ್ನು ಒಂದು ಮೈಕ್ರಾನ್ ಜಾಗಕ್ಕೆ ಗುರಿಯಿಟ್ಟು ವಿಶ್ಲೇಷಿಸುವ ಯಂತ್ರ ಪ್ರಯೋಗಾಲಯಗಳಿಗೆ ವ್ಯಾಪಕವಾಗಿ ಬಂದದ್ದು 1960ರ ದಶಕದಲ್ಲಿ.

ಕೋಸ್ತೊವ್ ಹೆಸರಿನ ಖನಿಜ ಮಾತ್ರ ಉಳಿಯಿತು. ಸೋಫಿಯಾದ ಪೂರ್ವಕ್ಕೆ ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಚೆಲೊಪೆಚ್ ಎಂಬ ತಾಮ್ರ ಮತ್ತು ಚಿನ್ನದ ಗಣಿಯಿದೆ. ಅಲ್ಲಿನ ಅದಿರಿನಲ್ಲಿ ಗಿಯೋರ್ಗಿ ತೆರ್ಜಿಯೆವ್ ಕಂಡ ಚಿನ್ನ, ತಾಮ್ರ, ಟೆಲ್ಯುರಿಯಂಗಳ ಸಂಯುಕ್ತವನ್ನು 1966ರಲ್ಲಿ ಕೋಸ್ತೊವೈಟ್ ಎಂಬ ಹೆಸರಿನಿಂದ ಪ್ರಕಟಿಸಿದರು. ತೂಕದಲ್ಲಿ ಕಾಲು ಭಾಗ ಚಿನ್ನ, ಸುಮಾರು ಶೇ 8 ತಾಮ್ರ, ಉಳಿದದ್ದು ಟೆಲ್ಯುರಿಯಂ. ಸಿಲ್ವನೈಟ್ ಎಂಬ ಹಳೆಯ ಖನಿಜದಲ್ಲಿ ಬೆಳ್ಳಿ ಇರುವಂತೆ ಇಲ್ಲಿ ತಾಮ್ರವಿದೆ. ಕಾಲು ಭಾಗ ಚಿನ್ನ ಎಂದೊಡನೆ ಕಣ್ಣು ಅರಳಿಸಬೇಡಿ. ಇದು ಬರಿಗಣ್ಣಿಗೆ ಕಾಣುವ ವಸ್ತುವಲ್ಲ. ಅದಿರಿನ ತುಂಡನ್ನು ರಾಳದಲ್ಲಿ ಕೂರಿಸಿ, ಕನ್ನಡಿಯಾಗುವ ತನಕ ಉಜ್ಜಿ, ಮೇಲಿನಿಂದ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆಗ ಸಲ್ಫೈಡ್‌ಗಳ ನಡುವೆ ಕೆನೆಬಿಳಿಯ ಸಣ್ಣ ಕಣಗಳು ಕಾಣುತ್ತವೆ. ತುಂಡನ್ನಿಟ್ಟ ವೇದಿಕೆಯನ್ನು ತಿರುಗಿಸಿದರೆ ಅವುಗಳ ಹೊಳಪು ಏರಿಳಿಯುತ್ತದೆ. ಆಕಾರವನ್ನು ಓದುತ್ತ ಬದುಕಿದವರ ಹೆಸರು, ನೆಟ್ಟಗೆ ಆಕಾರವೇ ತೋರದ ಕಣಗಳಿಗೆ ಅಂಟಿತು. ಮುಂದೆ ಉಜ್ಬೇಕಿಸ್ತಾನದ ಕೋಚ್‌ಬುಲಾಕ್‌ನಂಥ ಕಡೆಗಳಲ್ಲೂ ಇದು ಸಿಕ್ಕಿತು.

ಚೆಲೊಪೆಚ್ ಗಣಿಯ ಕುರಿತು ಒಂದು ಮಾತು. ನಮ್ಮ ಕೋಲಾರದ ಚಾಂಪಿಯನ್ ರೀಫಿನಲ್ಲಿ ಚಿನ್ನ ಬಹುಮಟ್ಟಿಗೆ ಬೆಣಚುಕಲ್ಲಿನೊಳಗೆ ಬಿಡಿಯಾಗಿ ಕೂತಿತ್ತು. ಚೆಲೊಪೆಚ್‌ನಲ್ಲಿ ಅದು ಸಲ್ಫೈಡ್‌ಗಳೊಂದಿಗೆ ಸಿಕ್ಕಿಹಾಕಿಕೊಂಡಿದೆ. ಜೊತೆಗೆ ಎನಾರ್ಜೈಟ್ ಎಂಬ ಖನಿಜದಲ್ಲಿ ಆರ್ಸೆನಿಕ್ ವಿಷ ಬೇರೆ. ಅಂಥ ಅದಿರನ್ನು ಕರಗಿಸಲು ಒಪ್ಪುವ ಕುಲುಮೆಗಳು ಜಗತ್ತಿನಲ್ಲಿ ಕೆಲವೇ. ಹಾಗಾಗಿ ಚೆಲೊಪೆಚ್‌ನ ಅದಿರಿನ ಸಾರ ವರ್ಷಗಟ್ಟಲೆ ಹಡಗೇರಿ ನಮೀಬಿಯಾದ ತ್ಸುಮೆಬ್‌ಗೆ ಹೋಯಿತು. ಖನಿಜ ಸಂಗ್ರಹಕಾರರಿಗೆ ತ್ಸುಮೆಬ್ ಎಂದರೆ ಪುಣ್ಯಕ್ಷೇತ್ರ, ಹತ್ತಾರು ಖನಿಜಗಳು ಮೊದಲು ಪತ್ತೆಯಾದ ಗಣಿ. ಅಲ್ಲಿಗೆ ಬಲ್ಗೇರಿಯಾದಿಂದ ಅದಿರು ಹೋಗುತ್ತದೆಂದು 1966ರಲ್ಲಿ ಯಾರೂ ಎಣಿಸಿರಲಾರರು.

ಆ ವರ್ಷಗಳಲ್ಲಿ ಬಲ್ಗೇರಿಯಾದಿಂದ ಹೊಸ ಖನಿಜಗಳ ಸಾಲೇ ಬಂತು. ಮಿಂಚೇವಾ-ಸ್ತೆಫಾನೋವಾ 1968ರಲ್ಲಿ ಸ್ತ್ರಾಶಿಮಿರೈಟನ್ನು ಪ್ರಕಟಿಸಿದರು. ಶಿಲಾವಿಜ್ಞಾನಿ ಸ್ತ್ರಾಶಿಮಿರ್ ದಿಮಿತ್ರೊವ್ ಅವರ ಹೆಸರು ಅದು. ಚೆಲೊಪೆಚ್‌ನದೇ ಆದ ಹೆಮುಸೈಟ್‌ಗೆ ಬಾಲ್ಕನ್ ಬೆಟ್ಟಸಾಲಿನ ಪ್ರಾಚೀನ ಹೆಸರನ್ನಿಟ್ಟರು. 1973ರಲ್ಲಿ ತಾಮ್ರ, ಬೆಳ್ಳಿ, ಪಾದರಸಗಳ ಬಾಲ್ಕನೈಟ್ ಬಂತು. ಅಂತಾರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಮಹಾಸಭೆ 1982ರಲ್ಲಿ ಕಪ್ಪು ಸಮುದ್ರದ ದಡದ ವಾರ್ನಾದಲ್ಲಿ ಸೇರಿತು. ಇದೇ ಸಂಘದ ನಾಲ್ಕನೆಯ ಮಹಾಸಭೆ 1964ರಲ್ಲಿ ನಡೆದದ್ದು ನವದೆಹಲಿಯಲ್ಲಿ. ಅದರ ಪ್ರಬಂಧಗಳ ಸಂಪುಟವನ್ನು ಹೊರತಂದದ್ದು ಮೈಸೂರನ್ನು ನೆಲೆಯಾಗಿಸಿಕೊಂಡ ಭಾರತೀಯ ಖನಿಜವಿಜ್ಞಾನ ಸಂಘ.

ಜಿಯೋಲೈಟ್‌ಗಳನ್ನು ಮರೆಯುವಂತಿಲ್ಲ. ಕೋಸ್ತೊವ್ ತಮ್ಮ ದೇಶದ ಜಿಯೋಲೈಟ್‌ಗಳ ಬಗ್ಗೆಯೂ ಬರೆದವರು. ಪೂರ್ವ ರೊಡೋಪಿಯ ಜ್ವಾಲಾಮುಖಿ ಬೂದಿಯ ಶಿಲೆಗಳಲ್ಲಿ ಈ ಖನಿಜ ಹೇರಳ. ಮೈತುಂಬ ಸೂಕ್ಷ್ಮ ರಂಧ್ರಗಳಿರುವುದರಿಂದ ನೀರನ್ನೂ ಪೋಷಕಾಂಶವನ್ನೂ ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುತ್ತದೆ. 1990ರಲ್ಲಿ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಬಲ್ಗೇರಿಯಾದ ಪುಟ್ಟ ಹಸಿರುಮನೆಯಲ್ಲಿ ಮಣ್ಣಿನ ಬದಲು ತುಂಬಿದ್ದು ಬಾಲ್ಕನೀನ್ ಎಂಬ ಜಿಯೋಲೈಟ್ ಮಿಶ್ರಣ. ಅದರಲ್ಲಿ ಮೂಲಂಗಿ ಬೆಳೆಯಿತು.

ನಿಮ್ಮಲ್ಲಿ ಯಾರಾದರೂ ಸೋಫಿಯಾಕ್ಕೆ ಹೋಗುವವರಿದ್ದರೆ ಎರಡು ಕಡೆ ನೋಡಿ. ಒಂದು, ಕೋಸ್ತೊವ್ ಮುನ್ನಡೆಸಿದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ. ಇನ್ನೊಂದು, 1987ರಲ್ಲಿ ಜನರಿಗೆ ತೆರೆದ 'ಭೂಮಿ ಮತ್ತು ಮಾನವ' ಸಂಗ್ರಹಾಲಯ. ಹಳೆಯ ಶಸ್ತ್ರಾಗಾರದ ಕಟ್ಟಡದಲ್ಲಿ ಬೃಹತ್ ಸ್ಫಟಿಕಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅವುಗಳ ಮುಂದೆ ಚಿತ್ರ ತೆಗೆಸಿಕೊಳ್ಳುವ ಗದ್ದಲ ಸಾಮಾನ್ಯವಾಗಿ ಜೋರಾಗಿರುತ್ತದೆ, ಮದಾನಿನ ಹರಳುಗಳ ಮುಂದೆ ಅಷ್ಟಿರುವುದಿಲ್ಲ. ಮೊದಲು ಅಲ್ಲಿಗೇ ಹೋಗಿ, ಚಪ್ಪಟೆ ಗೆಲೀನಾ ಇದೆಯೇ ಎಂದು ಹುಡುಕಿ.

ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು.