ಎರಡು ಫೋಟಾನ್, ಒಂದೇ ಬಾಗಿಲು

[ದೃಶ್ಯ: ಮುಂಬೈ, ಮಾಟುಂಗಾ. ರಾತ್ರಿ. ಹೋಟೆಲ್ಲಿನ ಗಾಜಿನ ಕಿಟಕಿ.]

ನಮಸ್ಕಾರ. ಮಾಟುಂಗಾದ ಒಂದು ಉಡುಪಿ ಹೋಟೆಲ್ಲಿನಲ್ಲಿ ಕೂತಿದ್ದೇನೆ. ಈ ಕಿಟಕಿ ನೋಡಿ. ಗಾಜಿನಾಚೆ ಬೀದಿದೀಪ ಕಾಣುತ್ತದೆ. ಅದೇ ಗಾಜಿನಲ್ಲಿ ನನ್ನ ಕಾಫಿ ಲೋಟವೂ ಕಾಣುತ್ತದೆ. ಅಂದರೆ ಬೆಳಕು ಸ್ವಲ್ಪ ದಾಟುತ್ತದೆ, ಸ್ವಲ್ಪ ಮರಳುತ್ತದೆ.

ಲ್ಯಾಬಿನಲ್ಲಿ ಗಾಜಿಗೆ ಲೇಪ ಹಚ್ಚಿ, ಸರಿಯಾಗಿ ಅರ್ಧ ದಾಟಿ ಅರ್ಧ ಮರಳುವಂತೆ ಮಾಡುತ್ತಾರೆ. ಬೀಮ್ ಸ್ಪ್ಲಿಟರ್ ಅಂತ ಹೆಸರು. ಈ ಕಡೆಯಿಂದ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಆ ಕಡೆಯಿಂದ ಇನ್ನೊಂದು, ಒಂದೇ ಗಳಿಗೆಯಲ್ಲಿ ಬಿಟ್ಟರೆ?

ಸುಮ್ನೆ ಎಣಿಸೋಣ. ಎರಡೂ ದಾಟಬಹುದು. ಎರಡೂ ಮರಳಬಹುದು. ಒಂದು ದಾಟಿ ಇನ್ನೊಂದು ಮರಳಿದರೆ ಎರಡೂ ಒಂದೇ ಕಡೆ ಸೇರುತ್ತವೆ. ಅದಕ್ಕೆ ಎರಡು ಬಗೆ. ಹಾಗಾಗಿ 100ಕ್ಕೆ 50 ಸಲ ಅವು ಬೇರೆ ಬೇರೆ ಕಡೆ ಸಿಗಬೇಕು, ಅಲ್ವಾ?

ಸಿಗುವುದಿಲ್ಲ. 1987ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಹಾಂಗ್, ಔ, ಮ್ಯಾಂಡೆಲ್ ಇದನ್ನು ಮಾಡಿ ನೋಡಿದರು. ಗಾಜನ್ನು ಮೈಕ್ರಾನ್ ಲೆಕ್ಕದಲ್ಲಿ ಸರಿಸುತ್ತ ಹೋದರು. ಎರಡೂ ಫೋಟಾನ್ ಒಟ್ಟಿಗೆ ತಲುಪುವ ಜಾಗ ಬಂದಾಗ, ಫೋಟಾನ್ ಹಿಡಿಯಲು ಎರಡು ಕಡೆ ಇಟ್ಟ ಎರಡು ಡಿಟೆಕ್ಟರ್ ಒಟ್ಟಿಗೆ ಟಿಕ್ ಅನ್ನುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಗ್ರಾಫಿನಲ್ಲಿ ಗುಂಡಿ ಬಿತ್ತು. ಫೋಟಾನ್‌ಗಳು ಜೋಡಿಯಾಗಿ ಒಂದೇ ಕಡೆಯಿಂದ ಹೊರಬರುತ್ತಿದ್ದವು.

ಡಿಕ್ಕಿ ಹೊಡೆದು ಅಂಟಿಕೊಂಡವು ಅಂದುಕೊಳ್ಳಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ.

[ದೃಶ್ಯ: ತಟ್ಟೆಯಲ್ಲಿ ಎರಡು ಇಡ್ಲಿ.]

ಈ ಎರಡೂ ಒಂದೇ ಅಚ್ಚಿನವು. ಆದರೂ ಒಂದರ ಅಂಚು ಚೂರು ಮುರಿದಿದೆ. ಅದಲುಬದಲು ಮಾಡಿದರೆ ನನಗೆ ಗೊತ್ತಾಗುತ್ತದೆ. ಬಣ್ಣ, ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ದಿಕ್ಕು), ತಲುಪುವ ಹೊತ್ತು ಎಲ್ಲ ಒಂದೇ ಆಗಿರುವ ಫೋಟಾನ್‌ಗಳಲ್ಲಿ ಅಂಥ ಗುರುತೇ ಇಲ್ಲ. ಹಾಗಾಗಿ ಎರಡೂ ದಾಟಲಿ, ಎರಡೂ ಮರಳಲಿ, ಕೊನೆಗೆ ಕಾಣುವುದು ಒಂದೇ ಚಿತ್ರ. ಕ್ವಾಂಟಂ ಲೆಕ್ಕದಲ್ಲಿ ಇಂಥ ದಾರಿಗಳನ್ನು ಕೂಡಿಸಬೇಕು. ಎರಡೂ ದಾಟಿದ್ದಕ್ಕೆ ಪ್ಲಸ್, ಎರಡೂ ಮರಳಿದ್ದಕ್ಕೆ ಮೈನಸ್. ಕೂಡಿಸಿದರೆ ಸೊನ್ನೆ! ಬೇರೆ ಬೇರೆಯಾಗುವ ಸಾಧ್ಯತೆಯೇ ಅಳಿಸಿಹೋಯಿತು. ದಾರಿಗಳು ಹೀಗೆ ಒಂದನ್ನೊಂದು ಅಳಿಸುವುದೇ ಇಲ್ಲಿನ ವ್ಯತಿಕರಣ.

ಈಗ ಒಂದು ಫೋಟಾನಿನ ಧ್ರುವೀಕರಣವನ್ನು 90 ಡಿಗ್ರಿ ತಿರುಗಿಸಿ. ಗುರುತು ಸಿಕ್ಕಿತು, ಗುಂಡಿ ಮಾಯ, 50ರ ಲೆಕ್ಕ ವಾಪಸ್. ಆ ಗುರುತನ್ನು ಯಾರೂ ನೋಡಬೇಕಾಗಿಲ್ಲ. ನೋಡಿದರೆ ಗೊತ್ತಾಗುವಂತಿದ್ದರೆ ಸಾಕು. ನನಗೆ ಮೈ ಜುಮ್ ಅನ್ನುವುದು ಇದಕ್ಕೇ.

ರಾಚೆಸ್ಟರಿನಲ್ಲಿ ಎರಡೂ ಒಂದೇ ಹರಳಿನಲ್ಲಿ ಹುಟ್ಟಿದ್ದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂಲಗಳಿಂದ ತಂದ ಫೋಟಾನ್‌ಗಳೂ ಹೀಗೇ ಜೋಡಿಯಾದವು. 2015ರಲ್ಲಿ ಫ್ರಾನ್ಸಿನಲ್ಲಿ ಹೀಲಿಯಂ ಪರಮಾಣುಗಳೂ ಆದವು. ಎಲೆಕ್ಟ್ರಾನ್‌ದು ಮಾತ್ರ ತಿರುಗುಮುರುಗು: ಅಲ್ಲಿ ರದ್ದಾಗುವುದು ಒಂದೇ ಕಡೆ ಸೇರುವ ದಾರಿ. ಅವುಗಳ ಚಿಹ್ನೆ ಯಾಕೆ ಬೇರೆ ಅನ್ನುವುದನ್ನು ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.