ಮೊರ ಹಿಡಿಯದ ಹಿಮನದಿ

ಕೇಳುಗರಿಗೆಲ್ಲ ನಮಸ್ಕಾರ.

ಪಿಯುಸಿಯಲ್ಲಿ ಭೂಗೋಳ ಓದಿದವರಿಗೆ ಹಿಮನದಿ ಬಿಟ್ಟುಹೋಗುವ ದಿಬ್ಬಗಳ ಹೆಸರು, ಮೊರೇನ್, ಡ್ರಮ್ಲಿನ್, ಎಸ್ಕರ್ ಅಂತ ಒಂದು ಪಟ್ಟಿ ಬಾಯಿಪಾಠ ಮಾಡಿದ್ದು ನೆನಪಿರಬಹುದು. ಆ ಪಟ್ಟಿ ಮರೆತಿದ್ದರೆ ಚಿಂತೆ ಬೇಡ. ಒಂದೇ ಮಾತು ಸಾಕು: ನೀರು ಕೇರುತ್ತದೆ, ಹಿಮ ಕೇರುವುದಿಲ್ಲ.

ನಿಮ್ಮೂರ ಹೊಳೆಯನ್ನೇ ನೋಡಿ. ರಭಸ ಇದ್ದ ಕಡೆ ಗುಂಡುಕಲ್ಲು, ನಿಧಾನವಾದ ಕಡೆ ಮರಳು, ನೀರು ನಿಂತ ಕಡೆ ಗೋಡುಮಣ್ಣು. ಮೊರದಲ್ಲಿ ಕೇರಿದಂತೆ ಬೇರೆ ಬೇರೆ ಮಾಡಿ ಇಟ್ಟಿರುತ್ತದೆ. ಹಿಮನದಿ ಅಂದರೆ ಬೆಟ್ಟದ ಮೇಲಿಂದ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿ. ಅದಕ್ಕೆ ಆ ನಾಜೂಕು ಇಲ್ಲ. ಅಕ್ಕಪಕ್ಕದ ಬೆಟ್ಟದಿಂದ ಉದುರಿದ್ದು, ತಳದಿಂದ ತಾನೇ ಕಿತ್ತಿದ್ದು, ಎಲ್ಲವನ್ನೂ ಹೊತ್ತುಕೊಂಡು ತೆವಳುತ್ತದೆ. ಕರಗಿದ ಜಾಗದಲ್ಲಿ ಇದ್ದದ್ದು ಇದ್ದಂತೆ ಸುರಿದುಬಿಡುತ್ತದೆ. ಆ ರಾಶಿಗೇ ಮೊರೇನ್ ಅನ್ನುವುದು. ಹೆಸರಲ್ಲಿ ಮೊರ ಇದೆ, ಕೇರುವುದು ಮಾತ್ರ ಗೊತ್ತಿಲ್ಲ!

ಈ ತಮಾಷೆ ನನಗೆ ಹೊಳೆದದ್ದು ಗೋಮುಖದಲ್ಲಿ, ಗಂಗೋತ್ರಿ ಹಿಮನದಿ ಮುಗಿದು ಭಾಗೀರಥಿ ಹೊರಡುವ ಜಾಗದಲ್ಲಿ. ಗಂಗೋತ್ರಿಯಿಂದ ಸುಮಾರು 18 ಕಿಲೋಮೀಟರ್ ನಡೆಯಬೇಕು. ನಮ್ಮ ತಂಡದಲ್ಲಿ ತಿಪಟೂರು ಕಡೆಯ ಒಬ್ಬ ತಾಯಿ ಇದ್ದರು, ಅರವತ್ತು ದಾಟಿದವರು. ಭೋಜ್‌ಬಾಸಾದಲ್ಲಿ ರಾತ್ರಿ ಕಳೆದು ಬೆಳಗ್ಗೆ ಹೊರಟೆವು. ದಾರಿಯುದ್ದಕ್ಕೂ ನಾನು ಹಿಮನದಿ, ಹಿಮನದಿ ಅಂತ ಕೊರೆದಿದ್ದೆ. ತಲುಪಿದ ಮೇಲೆ ಆಕೆ ಸೊಂಟಕ್ಕೆ ಕೈಕೊಟ್ಟು ನಿಂತರು. "ಏನ್ ಮೇಷ್ಟ್ರೇ, ಹಿಮ ಎಲ್ಲಿ? ಇದು ನಮ್ಮೂರ ಕಲ್ಲುಕ್ವಾರಿ ಇದ್ದಂಗೈತೆ!"

ತಪ್ಪೇನಿಲ್ಲ. 30 ಕಿಲೋಮೀಟರ್ ಉದ್ದದ ಹಿಮನದಿಯ ಆ ಕೊನೆ ಬೆಳ್ಳಗಿರುವುದಿಲ್ಲ. ಮೇಲೆಲ್ಲ ಕಲ್ಲು, ಧೂಳು. ಬಿರುಕು ಬಿಟ್ಟ ಕಡೆ ಮಾತ್ರ ನೀಲಿ ಮಂಜುಗಡ್ಡೆ ಇಣುಕುತ್ತದೆ. ಆಕೆ ಅಲ್ಲೇ ದಿಬ್ಬದ ಮೇಲೆ ಕೂತು ಬೊಗಸೆಯಲ್ಲಿ ಬಾಚಿಕೊಂಡರು. ಹಿಟ್ಟಿನಂಥ ಮಣ್ಣು, ಅದರಲ್ಲೇ ಮರಳು, ಅದರಲ್ಲೇ ಅಡಿಕೆ ಗಾತ್ರದ ಹರಳು. ಪಕ್ಕದಲ್ಲಿ ಆನೆಯಷ್ಟು ಬಂಡೆ. "ಕೇರಾಕೆ ಬರದ ಸೊಸೆ ರಾಶಿ ಸುರ್‍ದಂಗೈತೆ" ಅಂದರು. ಮೂವತ್ತು ವರ್ಷ ತರಗತಿಯಲ್ಲಿ ಬಡಿದುಕೊಂಡದ್ದನ್ನು ಆಯಮ್ಮ ಒಂದೇ ಸಾಲಿನಲ್ಲಿ ಮುಗಿಸಿದರು. ಆಮೇಲೆ ಭಾಗೀರಥಿಯನ್ನು ತೋರಿಸಿ, "ಅಕ್ಕಚ್ಚು ಇದ್ದಂಗೈತಲ್ಲ ನೀರು?" ಅಂತ ಕೇಳಿದರು. ಹೌದಮ್ಮ, ಹಿಮ ತಳದ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ಹಿಟ್ಟು ಅದು. ನೀರು ತನ್ನ ಪಾಲಿನ ಕೇರುವ ಕೆಲಸ ಅಲ್ಲಿಂದಲೇ ಶುರುಮಾಡಿತ್ತು.

ಬೆಟ್ಟ ಕುಸಿದರೂ ಹೀಗೇ ಕಲಸುಮೇಲೋಗರ ಆಗುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಆಗುತ್ತದೆ. ಇವತ್ತು ಅದು ಬೇಡ.

ಕೇರದ ರಾಶಿ ಅಂದರೆ ಗಾರೆ ಇಲ್ಲದ ಗೋಡೆ. ಕೇದಾರನಾಥದ ಮೇಲ್ಗಡೆ ಚೋರಾಬಾರಿ ಕೆರೆ ಇತ್ತು. ಗಾಂಧಿ ಸರೋವರ ಅಂತಲೂ ಕರೆಯುತ್ತಿದ್ದರು. ಅದಕ್ಕೆ ಏರಿಯಾಗಿದ್ದದ್ದು ಹಿಮನದಿಯ ಅಂಚಿನ ಮೊರೇನ್ ದಿಬ್ಬ. ನಮ್ಮ ಕೆರೆಗಳ ಏರಿಗೆ ಮಣ್ಣು ಆರಿಸಿ, ತುಳಿದು, ಕಲ್ಲು ಕಟ್ಟುತ್ತಾರೆ. ಅಲ್ಲಿ ಕಟ್ಟಿದವರು ಯಾರು? 2013ರ ಜೂನ್‌ನಲ್ಲಿ ಭಾರಿ ಮಳೆ ಬಂತು. 17ರ ಬೆಳಗ್ಗೆ ಏರಿ ಒಡೆದು, ಕೆಲವೇ ನಿಮಿಷಗಳಲ್ಲಿ ಕೆರೆ ಬರಿದಾಯಿತು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರದಲ್ಲೂ ಅಷ್ಟೆ. ಪಕ್ಕದ ಮೊರೇನ್ ಜಾರಿ ನೀರಿಗೆ ಬಿತ್ತು, ಎದುರಿನ ಮೊರೇನ್ ಒಡೆಯಿತು, ತೀಸ್ತಾ ನದಿಯ ಅಣೆಕಟ್ಟು ಕೊಚ್ಚಿಹೋಯಿತು.

ಗಾಜಿನಾಚೆ ಕೈಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಮಕ್ಕಳನ್ನು ನೋಡಲು ನ್ಯೂಯಾರ್ಕಿಗೆ ಹೋಗುವವರು ಲಾಂಗ್ ಐಲೆಂಡ್ ನೋಡಿ. ಅದರ ಉದ್ದಕ್ಕೂ ಇರುವ ದಿಣ್ಣೆಗಳು ಹಿಮಯುಗದ ಮಂಜು ಬಂದು ನಿಂತ ಗಡಿ, ಅದೂ ಮೊರೇನ್. ಡ್ರಮ್ಲಿನ್ ಅಂದರೆ ಹಿಮದ ಅಡಿಯಲ್ಲಿ ಮೊಟ್ಟೆಯಂತೆ ರೂಪುಗೊಂಡ ಗುಡ್ಡ; ಮೊಂಡು ತುದಿ ಹಿಮ ಬಂದ ದಿಕ್ಕಿಗಿರುತ್ತದೆ. ಐರ್ಲೆಂಡಿನ ಕ್ಲೂ ಕೊಲ್ಲಿಯಲ್ಲಿ ಇವು ಅರ್ಧ ಮುಳುಗಿ ದ್ವೀಪಗಳಾಗಿವೆ. ಎಸ್ಕರ್ ಮಾತ್ರ ಬೇರೆ ಜಾತಿ. ಹಿಮದಡಿಯ ಸುರಂಗದಲ್ಲಿ ಹರಿದ ನೀರು ಬಿಟ್ಟುಹೋದ ಉದ್ದನೆಯ ಏರು ಅದು. ಅಗೆದು ನೋಡಿದರೆ ಮರಳು, ಜಲ್ಲಿ ಪದರ ಪದರವಾಗಿ ಇರುತ್ತದೆ. ಯಾಕೆ ಅಂತ ಈಗ ನೀವೇ ಹೇಳಬೇಕು.

ನಮಸ್ಕಾರ.