ಹುಲ್ಲು ಕಟ್ಟಿದ ಕಡಲು: ಶಾರ್ಕ್ ಬೇ

ಕೇಳುಗರಿಗೆ ನಮಸ್ಕಾರ.

ಒಂದು ಲೀಟರ್ ಸಮುದ್ರದ ನೀರನ್ನು ಪೂರ್ತಿ ಇಂಗುವ ತನಕ ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿ ಶಾರ್ಕ್ ಬೇ ಅನ್ನುವ ದೊಡ್ಡ ಕೊಲ್ಲಿಯ ಒಳಗೆ ಹ್ಯಾಮೆಲಿನ್ ಪೂಲ್ ಅಂತ ಒಂದು ಒಳಕೊಲ್ಲಿ ಇದೆ. ಅಲ್ಲಿನ ನೀರನ್ನು ಹೀಗೇ ಕಾಯಿಸಿದರೆ ಸಿಗುವ ಉಪ್ಪು ಹೆಚ್ಚು ಕಡಿಮೆ ಎರಡರಷ್ಟು. ಅದೇ ಸಮುದ್ರ, ಅದೇ ನೀರು. ಹಾಗಾದರೆ ಇಷ್ಟು ಉಪ್ಪು ಹೇಗೆ? ಈ ಒಂದು ಪ್ರಶ್ನೆಯ ಜಾಡು ಹಿಡಿದು ಹೋದರೆ ಶಾರ್ಕ್ ಬೇ ಸೀಮೆಯೆಲ್ಲ ಕಣ್ಣ ಮುಂದೆ ಬರುತ್ತದೆ.

ಪರ್ತ್ ನಗರದಿಂದ ಉತ್ತರಕ್ಕೆ 800 ಕಿಲೋಮೀಟರಿಗೂ ಜಾಸ್ತಿ ದೂರ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ಪಡುವಣ ತುದಿ ಇರುವುದು ಇಲ್ಲೇ. ಭೂಮಿ ಎರಡು ಬೆರಳಿನ ಹಾಗೆ ಉತ್ತರಕ್ಕೆ ಚಾಚಿಕೊಂಡು, ಕಡಲನ್ನು ಪಾಲು ಮಾಡಿದೆ. ಇಲ್ಲಿನ ಮೂಲನಿವಾಸಿಗಳಾದ ಮಲ್ಗಾನಾ ಜನ ಈ ಜಾಗವನ್ನು ಗುಥರಗುಡಾ ಅನ್ನುತ್ತಾರೆ. ಎರಡು ನೀರು ಅಂತ ಅರ್ಥ. ನನಗಂತೂ ಶಾರ್ಕ್ ಬೇಗಿಂತ ಈ ಹೆಸರೇ ಇಷ್ಟ. 1616ರಲ್ಲಿ ಡಚ್ ನಾವಿಕ ಡರ್ಕ್ ಹಾರ್ಟಾಗ್ ಇಲ್ಲಿನ ದ್ವೀಪವೊಂದಕ್ಕೆ ಬಂದಿಳಿದ. ಬಂದ ಗುರುತಿಗೆ ಒಂದು ಲೋಹದ ತಟ್ಟೆಯನ್ನು ಕಂಬಕ್ಕೆ ಹೊಡೆದು ಹೋದ. ಆ ತಟ್ಟೆ ಈಗ ಆಮ್‌ಸ್ಟರ್‌ಡಾಮಿನಲ್ಲಿದೆ.

ಕಡಲತೀರ ಅಂದರೆ ಮಳೆ, ಹಸಿರು, ತೆಂಗು ಅಂತ ನಮ್ಮ ಮನಸ್ಸಿಗೆ ಬರುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಕೆಂಪು ಮಣ್ಣು, ಕುರುಚಲು ಗಿಡ, ಬಿಡದೆ ಬೀಸುವ ತೆಂಕಣ ಗಾಳಿ. ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್, ಅದೂ ಹೆಚ್ಚಾಗಿ ಮೇ ತಿಂಗಳಿಂದ ಜುಲೈವರೆಗೆ, ಅಲ್ಲಿನ ಚಳಿಗಾಲದಲ್ಲಿ. ಆಕಾಶದಿಂದ ಬೀಳುವ ನೀರಿಗಿಂತ ಬಿಸಿಲಿಗೆ ಆವಿಯಾಗುವ ನೀರು ಎಷ್ಟೋ ಪಾಲು ಹೆಚ್ಚು. ನೋಡಲು ಹೋಗುವವರಿಗೆ ಜೂನ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ.

ಆದರೆ ಬರೀ ಬಿಸಿಲಿಂದ ಇಷ್ಟು ಉಪ್ಪಾಗುವುದಿಲ್ಲ. ಇದರಲ್ಲಿ ಹುಲ್ಲಿನ ಪಾಲೂ ಇದೆ. ಶಾರ್ಕ್ ಬೇ ಕೊಲ್ಲಿಯ ತಳದಲ್ಲಿ 4,000 ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಕಡಲಹುಲ್ಲು ಬೆಳೆದಿದೆ. ಓಡುವ ನೀರನ್ನು ಹುಲ್ಲು ತಡೆಯುತ್ತದೆ. ಮರಳು ಅಲ್ಲೇ ಕೂರುತ್ತದೆ. ಸಾವಿರಾರು ವರ್ಷ ಹೀಗೆ ಕೂತು ಕೂತು, ಹ್ಯಾಮೆಲಿನ್ ಪೂಲಿನ ಬಾಯಿಗೆ ಅಡ್ಡಲಾಗಿ ದಿಬ್ಬವೇ ಎದ್ದಿದೆ. ಹೊರಗಿನ ನೀರು ಒಳಗೆ ಸಲೀಸಾಗಿ ಬರುವುದಿಲ್ಲ. ಒಳಗಿನದು ಆರುತ್ತಾ, ಉಪ್ಪಾಗುತ್ತಾ ಹೋಗುತ್ತದೆ. ಇಲ್ಲಿನ ಒಂದು ಬಗೆಯ ಕಡಲಹುಲ್ಲಿನ ವಂಶವಾಹಿಗಳನ್ನು ಪರೀಕ್ಷಿಸಿದಾಗ 2022ರಲ್ಲಿ ಒಂದು ಬೆರಗಿನ ಸಂಗತಿ ಹೊರಬಂತು. 180 ಕಿಲೋಮೀಟರ್ ಉದ್ದಕ್ಕೂ ಇರುವುದು ಒಂದೇ ಗಿಡ! ಒಂದು ಬೀಜದಿಂದ ಹುಟ್ಟಿ, ಸುಮಾರು 4,500 ವರ್ಷಗಳಿಂದ ಹಬ್ಬುತ್ತಲೇ ಬಂದಿದೆ.

ಆ ಉಪ್ಪುನೀರಿನಲ್ಲಿ ಬಸವನಹುಳುಗಳಿಗೆ ಬದುಕು ಕಷ್ಟ. ಹಾಗಾಗಿ ಅವು ಮೇಯುವ ಸೂಕ್ಷ್ಮಜೀವಿಗಳು ಇಲ್ಲಿ ನೆಮ್ಮದಿಯಾಗಿವೆ. ಪದರದ ಮೇಲೆ ಪದರ ಕಟ್ಟಿಕೊಂಡು ಕಲ್ಲಾಗುತ್ತವೆ. ಇವೇ ಸ್ಟ್ರೊಮಾಟೊಲೈಟ್‌ಗಳು. ನೋಡಲು ಕಪ್ಪನೆಯ ಮಂಡೆಗಲ್ಲುಗಳು, ಅಷ್ಟೇ. ಆದರೆ ಭೂಮಿಯ ಗಾಳಿಗೆ ಮೊದಲು ಆಮ್ಲಜನಕ ತುಂಬಿದ್ದು ಇಂಥ ಜೀವಿಗಳೇ. ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಹಿಂದೆ ಉಣ್ಣೆಯ ಮೂಟೆಗಳನ್ನು ಹಡಗಿಗೆ ಸಾಗಿಸಲು ಗಾಡಿಗಳು ಇವುಗಳ ಮೇಲೇ ಹಾದು ಹೋಗುತ್ತಿದ್ದವು. ನೀರು ಇಳಿದಾಗ ಆ ಚಕ್ರದ ಜಾಡು ಇಂದಿಗೂ ಕಾಣುತ್ತದೆ. ಅಷ್ಟು ಸಣ್ಣ ಗಾಯವೂ ಇನ್ನೂ ಮಾಗಿಲ್ಲ.

ಪಕ್ಕದ ಶೆಲ್ ಬೀಚ್‌ನಲ್ಲಿ ಮರಳೇ ಇಲ್ಲ. ಕಾಲಿಟ್ಟಲ್ಲೆಲ್ಲ ಉಗುರಿನಷ್ಟು ಪುಟ್ಟ ಬಿಳಿ ಚಿಪ್ಪುಗಳು, ಆಳೆತ್ತರಕ್ಕೂ ಮೀರಿ. ಕೆಳಗಿನವು ಒಂದಕ್ಕೊಂದು ಅಂಟಿ ಗಟ್ಟಿಯಾಗಿವೆ. ಇಟ್ಟಿಗೆಯಂತೆ ಕತ್ತರಿಸಿ ಡೆನ್ಹ್ಯಾಮ್ ಊರಿನಲ್ಲಿ ಒಂದು ಚರ್ಚನ್ನೇ ಕಟ್ಟಿದ್ದಾರೆ. ಮಂಕಿ ಮಿಯಾ ಅನ್ನುವ ತೀರದಲ್ಲಿ ಬೆಳಿಗ್ಗೆ ಡಾಲ್ಫಿನ್‌ಗಳು ಮೊಣಕಾಲುದ್ದದ ನೀರಿಗೇ ಬರುತ್ತವೆ. ಈ ಕೊಲ್ಲಿಯ ಕೆಲವು ಡಾಲ್ಫಿನ್‌ಗಳು ತಳದಲ್ಲಿ ಮೀನು ಕೆದಕುವಾಗ ಮೂತಿ ತರಚದಿರಲಿ ಅಂತ ಕಡಲಸ್ಪಂಜನ್ನು ಸಿಕ್ಕಿಸಿಕೊಳ್ಳುತ್ತವೆ. ಮಕ್ಕಳು ಅದನ್ನು ತಾಯಿಯನ್ನು ನೋಡಿ ಕಲಿಯುತ್ತವೆ.

2010-11ರ ಬೇಸಿಗೆಯಲ್ಲಿ ಕಡಲು ವಿಪರೀತ ಬಿಸಿಯಾಯಿತು. ಹುಲ್ಲು ದೊಡ್ಡ ಪ್ರಮಾಣದಲ್ಲಿ ಸತ್ತಿತು. ಅದನ್ನೇ ಮೇಯುವ ಕಡಲಹಸುಗಳಿಗೆ ಸಂಕಟ ಬಂತು. ಈಗ ಮಲ್ಗಾನಾ ಜನ ವಿಜ್ಞಾನಿಗಳ ಜೊತೆ ಸೇರಿ ಹುಲ್ಲು ಬೆಳೆಸುತ್ತಿದ್ದಾರೆ. ಗೋಣಿಯ ಉದ್ದನೆ ಚೀಲಗಳಿಗೆ ಮರಳು ತುಂಬಿ ತಳದಲ್ಲಿ ಮಲಗಿಸುತ್ತಾರೆ. ತೇಲಿ ಬರುವ ಎಳೆಸಸಿಗಳಿಗೆ ಬುಡದಲ್ಲಿ ಪುಟ್ಟ ಕೊಕ್ಕೆಗಳಿರುತ್ತವೆ. ಆ ಕೊಕ್ಕೆ ಗೋಣಿಯ ನಾರಿಗೆ ಸಿಕ್ಕಿಕೊಳ್ಳುತ್ತದೆ, ಸಸಿ ಅಲ್ಲೇ ಬೇರು ಬಿಡುತ್ತದೆ.

ನಮಸ್ಕಾರ.